ಹದಿನಾರು ಕಿಲೋ ಕುತ್ತಿಗೆ

ನಲವತ್ತೊಂದು, ನಲವತ್ತೆರಡು, ನಲವತ್ತಮೂರು. ನಲವತ್ತಮೂರನೆಯ ಎಳೆಯನ್ನು ಬೆರಳ ತುದಿಯಿಂದ ಎತ್ತುವ ಹೊತ್ತಿಗೆ ದಾಲಾಳ ಕುತ್ತಿಗೆ ಎಂದಿನಂತೆ ಬೀಗ ಹಾಕಿಕೊಂಡಿತು. ಇನ್ನು ಅದು ಎಡಕ್ಕೂ ತಿರುಗದು, ಬಲಕ್ಕೂ ತಿರುಗದು. ಅವಳು ಕಣ್ಣನ್ನಷ್ಟೇ ಹೊರಳಿಸಿ ಮಗ್ಗದ ಮೇಲೆ ನೇಯುತ್ತಿದ್ದ ನಾಗನ ಚಿತ್ತಾರದ ಬಾಲವನ್ನು ನೋಡಿದಳು. ಬಾಲ ಮುಗಿಯಲು ಇನ್ನೂ ಹನ್ನೆರಡು ಸಾಲು ಬೇಕಿತ್ತು. ಈಗ ಎಣಿಕೆ ಬಿಟ್ಟರೆ ಮತ್ತೆ ಒಂದರಿಂದ ಶುರು.

ಮನೆ ಕಂಬಗಳ ಮೇಲೆ, ಮಗ್ಗ ಕಂಬಗಳ ನಡುವೆ. ತಲೆಯ ಮೇಲಿನ ಹಲಗೆಗಳ ಮೇಲೆ ಗಂಡ ಖಮ್ದಿಯ ಹೆಜ್ಜೆಗಳು ಅತ್ತಿಂದಿತ್ತ ಓಡಾಡುತ್ತಿದ್ದವು.

"ದಾಲಾ, ಅನ್ನದ ಬುಟ್ಟಿ ಎಲ್ಲಿಟ್ಟಿದ್ದೀಯೇ?"

"ಕಂಬದ ಮೊಳೆಗೆ ನೇತು ಹಾಕಿದೀನಿ."

"ಕಾಣಿಸ್ತಿಲ್ವಲ್ಲ!"

"ತಲೆ ಎತ್ತಿ ನೋಡು. ನಿನಗಾದ್ರೂ ಎತ್ತೋಕೆ ಬರುತ್ತಲ್ಲ."

ಹೆಜ್ಜೆಗಳು ನಿಂತವು. "ಬೆಳಿಗ್ಗೆ ಬೆಳಿಗ್ಗೆನೇ ಕುತ್ತಿಗೆ ಪುರಾಣ ಶುರುವಾಯ್ತಾ?"

ಆ ಪುರಾಣಕ್ಕೆ ಒಂಬತ್ತು ವರ್ಷವಾಗಿತ್ತು. ಕೈ ಮುರಿದಿದ್ದರೆ ಬಟ್ಟೆ ಕಟ್ಟಿಕೊಂಡು ಊರೆಲ್ಲ ತಿರುಗಬಹುದಿತ್ತು. ಕಾಲು ಊದಿಕೊಂಡಿದ್ದರೆ ಬಂದವರೆಲ್ಲ ಒತ್ತಿ ನೋಡಿ ಅಯ್ಯೋ ಅನ್ನುತ್ತಿದ್ದರು. ಕುತ್ತಿಗೆ ಮಾತ್ರ ಹೊರಗಿನಿಂದ ನೋಡಿದರೆ ನುಣ್ಣಗೆ, ನೆಟ್ಟಗೆ, ನಲವತ್ತೇಳು ವರ್ಷಕ್ಕೆ ಚೆನ್ನಾಗಿಯೇ ಇತ್ತು. ದಿಂಬು ಸರಿಯಿಲ್ಲ ಅಂದರು. ಗಂಡನ ಗೊರಕೆಯ ಕಡೆಗೆ ಕಿವಿಗೊಟ್ಟು ಮಲಗಿದ್ದಕ್ಕೆ ಅಂದರು. ನೇಯ್ಗೆ ಗುಂಪಿನ ಯಜಮಾನಿ ಬುವಾ ಎಲ್ಲರೆದುರಿಗೂ, "ದಾಲಾಗೆ ನೋವು ಬರೋದು ಸೂಕ್ಷ್ಮದ ಕೆಲಸ ಇದ್ದಾಗ ಮಾತ್ರ. ಮದುವೆ ಊಟಕ್ಕೆ ಕರೀರಿ, ಕೊಕ್ಕರೆ ಹಾಗೆ ಕುತ್ತಿಗೆ ಚಾಚ್ಕೊಂಡು ಬರ್ತಾಳೆ" ಎಂದಿದ್ದಳು. ಹನ್ನೊಂದು ಜನ ನಕ್ಕಿದ್ದರು. ನೋವಿಗಿಂತ ಆ ನಗು ಹೆಚ್ಚು ಕಾಲ ಉಳಿದಿತ್ತು.

ಆದರೆ ಇವತ್ತು ಬೇರೆ ದಿನ. ರಾಜಧಾನಿಯಿಂದ ಒಬ್ಬಳು ಡಾಕ್ಟರಮ್ಮ ಕುತ್ತಿಗೆಯ ಬಲ ಅಳೆಯುವ ಯಂತ್ರ ತಂದಿದ್ದಾಳೆ ಎಂದು ಊರಿನ ಧ್ವನಿವರ್ಧಕ ನಸುಕಿನಲ್ಲೇ ಕೂಗಿತ್ತು. ದಾಲಾ ಎಣಿಕೆಯನ್ನು ನಲವತ್ತಮೂರಕ್ಕೇ ಬಿಟ್ಟು ಎದ್ದಳು. ಒಂಬತ್ತು ವರ್ಷದಲ್ಲಿ ಅವಳು ಎಣಿಕೆ ಬಿಟ್ಟೆದ್ದದ್ದು ಅದೇ ಮೊದಲು.

ಗುಡಿಯ ಅಂಗಳದ ಮಂಟಪದಲ್ಲಿ ಬುದ್ಧನ ಎದುರಿಗೆ ಹೆಂಗಸರೆಲ್ಲ ಕಾಲು ಮಡಚಿ ಕೂತಿದ್ದರು. ಡಾಕ್ಟರಮ್ಮ ವಿಲೈ ತೀರ ಚಿಕ್ಕವಳು, ಬಳಪದ ಕಡ್ಡಿಯಂತಿದ್ದಳು. ಅಂಗೈಯಗಲದ ಯಂತ್ರವನ್ನು ಮಂಟಪದ ಕಂಬಕ್ಕೆ ಬಿಗಿದಿದ್ದಳು. ಯಂತ್ರದಿಂದ ಒಂದು ಹಗ್ಗ, ಹಗ್ಗದ ಕೊನೆಗೆ ಚರ್ಮದ ಪಟ್ಟಿ. ಆ ಪಟ್ಟಿಯನ್ನು ತಲೆಯ ಹಿಂಬದಿಗೆ ಹಾಕಿಕೊಂಡು, ಬೆನ್ನು ಅಲುಗಿಸದೆ, ತಲೆಯನ್ನಷ್ಟೇ ಹಿಂದಕ್ಕೆ ಎಳೆಯಬೇಕು. ಮೂರು ಸಲ.

"ನೋವಿರೋರು ಒಬ್ಬರು, ಅದೇ ವಯಸ್ಸಿನ ನೋವಿಲ್ಲದೋರು ಒಬ್ಬರು, ಹೀಗೆ ಜೋಡಿ ಜೋಡಿಯಾಗಿ ಬರಬೇಕು" ಎಂದಳು ವಿಲೈ. "ನೋವಿರೋರ ಸ್ನಾಯು ಎಷ್ಟು ಸೋತಿದೆ ಅಂತ ಗೊತ್ತಾಗುತ್ತೆ. ನೋವಿರೋರಿಗೆ ಕುತ್ತಿಗೆ ದಿಂಬು ಕೊಡ್ತೀವಿ, ವ್ಯಾಯಾಮ ಹೇಳ್ಕೊಡ್ತೀವಿ. ನೋವಿಲ್ಲದೋರಿಗೆ ಎರಡು ಸೋಪು."

ದಾಲಾ ಎದ್ದು ನಿಂತಳು. ಅವಳ ವಯಸ್ಸಿನವಳು ಊರಲ್ಲಿ ಒಬ್ಬಳೇ. ಬುವಾ ಆಗಲೇ ಸೆರಗಿನ ಪಟ್ಟಿಯನ್ನು ಸೊಂಟಕ್ಕೆ ಬಿಗಿಯುತ್ತಿದ್ದಳು.

"ಇವತ್ತು ಇತ್ಯರ್ಥ ಆಗೇ ಹೋಗ್ಲಿ ಕಣೇ" ಎಂದಳು ಬುವಾ, ಎಲ್ಲರಿಗೂ ಕೇಳುವ ಹಾಗೆ. "ಯಂತ್ರ ಯಾರ ಕುತ್ತಿಗೆ ಸೋತಿದೆ ಅನ್ನುತ್ತೋ ಅವಳು ಮಳೆಗಾಲದ ವ್ರತ ಮುಗಿಯೋವರೆಗೂ ಮಗ್ಗ ಮುಟ್ಟೋದು ಬೇಡ. ಅವಳ ಪಾಲಿನ ಬಟ್ಟೆನೂ ಇನ್ನೊಬ್ಬಳೇ ನೇಯ್ಬೇಕು. ಬುದ್ಧನ ಮುಂದೆ ಹೇಳ್ತಿದೀನಿ, ಹನ್ನೊಂದು ಜನ ಸಾಕ್ಷಿ. ಒಪ್ಪಿಗೇನಾ?"

ಮೂರು ತಿಂಗಳು ಕುತ್ತಿಗೆಗೆ ವಿಶ್ರಾಂತಿ! ಅದಕ್ಕಿಂತ ಹೆಚ್ಚಾಗಿ, ಎಲ್ಲರೆದುರಿಗೆ ಬುವಾಳ ಬಾಯಿಂದ 'ದಾಲಾಗೆ ನೋವಿರೋದು ನಿಜ' ಎಂಬ ಮಾತು. ದಾಲಾ, "ಒಪ್ಪಿಗೆ" ಎಂದಳು.

ಮೊದಲು ಬುವಾ ಕೂತಳು. ವಿಲೈ ಕೈಮುಗಿದು, "ಅಕ್ಕ, ಅಪ್ಪಣೆ ಕೊಡಿ, ತಲೆ ಮುಟ್ಟಬೇಕು" ಎಂದು ಕೇಳಿಯೇ ಪಟ್ಟಿ ಹಾಕಿದಳು. ಆದರೂ ಹಿಂದೆ ಕೂತಿದ್ದ ಸೋಮ್ ದೊಡ್ಡಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಅಂಗಕ್ಕೊಂದರಂತೆ ಮೈಯಲ್ಲಿ ನೆಲೆಸಿ ಅದನ್ನು ಕಾಯುವ ಮೂವತ್ತೆರಡು ಆತ್ಮಗಳು, ಆ ಖ್ವಾನ್‌ಗಳೆಲ್ಲವೂ ಹಕ್ಕಿಯ ಹಾಗೆ ಅಂಜುಬುರುಕ ಜೀವಗಳು. ತಲೆಗೆ ಹಗ್ಗ ಕಟ್ಟಿ ಎಳೆದರೆ ಯಾವುದು ಎಲ್ಲಿಗೆ ಹಾರುತ್ತದೋ ಯಾರು ಬಲ್ಲರು?

"ನನ್ನ ಎಮ್ಮೆನೂ ಹೀಗೆ ಕಟ್ಟಿಸ್ಕೊಳ್ಳಲ್ಲ" ಎಂದು ಬುವಾ ನಕ್ಕು, ಎಳೆದಳು. ಕಂಬ ಕಿರ್ರೆಂದಿತು. ಎರಡನೆಯ ಸಲ ಮುಖ ದಾಸವಾಳವಾಯಿತು. ಮೂರನೆಯ ಸಲ, ಮಗ್ಗಕ್ಕೆ ಬಿಗಿದ ಹಾಸಿನ ನೂಲೊಂದು ತುಂಡಾದಂತೆ ಟಣ್ ಎಂದು ಸದ್ದಾಯಿತು. ಎಲ್ಲರೂ ಹಗ್ಗ ನೋಡಿದರು. ಹಗ್ಗ ಹಾಗೇ ಇತ್ತು.

ಬುವಾ ಥಟ್ಟನೆ ಹಿಂದಕ್ಕೆ ನೋಡಿದಳು. "ಯಾರು ನನ್ನ ಕರೆದಿದ್ದು?"

"ಯಾರೂ ಕರೀಲಿಲ್ಲ."

"ಹೊಳೆ ಕಡೆಯಿಂದ ಯಾರೋ ಕರೆದ್ರು."

ಹೊಳೆಯ ದಾರಿಯಲ್ಲಿ ಬಿಸಿಲಲ್ಲದೆ ಬೇರಾರೂ ಇರಲಿಲ್ಲ. ಮಂಟಪದ ಮೆಟ್ಟಿಲ ಬಳಿ ಮಲಗಿದ್ದ ಬುವಾಳ ನಾಯಿ ಲಾಯ್ ಎದ್ದು, ಆ ಖಾಲಿ ದಾರಿಯಲ್ಲಿ ಯಾರ ಹಿಂದೆಯೋ ಹೋಗುವ ಹಾಗೆ ಬಾಲ ಅಲ್ಲಾಡಿಸುತ್ತ ಹೊರಟುಹೋಯಿತು.

"ಹದಿನಾರು ಕಿಲೋ!" ಎಂದಳು ವಿಲೈ. ಹೆಂಗಸರು ಚಪ್ಪಾಳೆ ತಟ್ಟಿದರು. ಬುವಾ ಮಾತ್ರ ಹೋಗಿ ಗೋಡೆಗೊರಗಿ ಕೂತಳು.

ದಾಲಾ ಕೂತಳು. ಪಟ್ಟಿ ಇನ್ನೂ ಬುವಾಳ ಬೆವರಿಗೆ ಬೆಚ್ಚಗಿತ್ತು. ಮೊದಲನೆಯ ಎಳೆತಕ್ಕೇ ನೋವು ಕಿವಿಯ ಹಿಂದಿನಿಂದ ಹೆಗಲಿನವರೆಗೆ ಬೆಂಕಿಕಡ್ಡಿ ಗೀರಿದಂತೆ ಹತ್ತಿಕೊಂಡಿತು. ಮೂರನೆಯದಕ್ಕೆ ಕಣ್ಣು ಕತ್ತಲಿಟ್ಟಿತು. ಕತ್ತಲೆಯೊಳಗಿಂದ ವಿಲೈಯ ದನಿ ಬಂತು: "ಏಳು."

ಏಳು ಇಷ್ಟು ಚೆಂದದ ಅಂಕಿ ಎಂದು ದಾಲಾಗೆ ಗೊತ್ತೇ ಇರಲಿಲ್ಲ. ಅವಳಿಗೆ ಕಣ್ಣೀರು ಬಂತು.

"ಸರಿ ಹಾಗಾದ್ರೆ" ಎಂದಳು ಅವಳು, "ಬರೆದು ಕೊಡಮ್ಮ."

"ಈಗಲೇ ಆಗಲ್ಲ ಅಕ್ಕ. ಊಟ ಮಾಡಿ ಬನ್ನಿ, ಇಬ್ಬರನ್ನೂ ಇನ್ನೊಂದು ಸಲ ಅಳೀತೀನಿ. ಯಂತ್ರ ಎರಡು ಸಲನೂ ಒಂದೇ ಮಾತು ಹೇಳ್ಬೇಕು. ಆಗಲೇ ಅದು ಲೆಕ್ಕಕ್ಕೆ."

ದಾಲಾ ಒಪ್ಪಿದಳು. ಒಂಬತ್ತು ವರ್ಷ ಕಾದವಳಿಗೆ ಒಂದು ಊಟದ ಹೊತ್ತು ಏನು ಮಹಾ? ಆದರೆ ಸೋಮ್ ದೊಡ್ಡಮ್ಮ ಅವಳ ಗಲ್ಲ ಹಿಡಿದು ಎತ್ತಿ, ಕಣ್ಣೊಳಗೆ ಇಣುಕಿ, ಬಾವಿಗೆ ಬಿಂದಿಗೆ ಬೀಳಿಸಿಕೊಂಡವಳಂತೆ ಕೂಗಿಕೊಂಡಳು.

"ಅಯ್ಯಯ್ಯೋ, ಕಣ್ಣು ನೋಡ್ರೇ ಇವಳದು! ಒಳಗೆ ಯಾರೂ ಇಲ್ಲ! ಟಣ್ ಅಂದಿತಲ್ಲ ಆಗಲೇ, ಕುತ್ತಿಗೆ ಖ್ವಾನ್ ಹೋಗೇಬಿಡ್ತು!"

"ಟಣ್ ಅಂದಿದ್ದು ಬುವಾ ಕೂತಾಗ, ದೊಡ್ಡಮ್ಮ."

"ಬುವಾಗೇನಾಗಿದೆ? ಹದಿನಾರು ಕಿಲೋ ಎಳೆದವಳು! ಏಳು ಕಿಲೋ ಎಳೆದಿದ್ದು ಯಾರು, ನೀನು ತಾನೆ?"

"ನನ್ನದೆಲ್ಲೂ ಹೋಗಿಲ್ಲ. ಇಲ್ಲೇ ಇದೆ. ನೋಯ್ತಾನೂ ಇದೆ."

"ಅದೇ ಮತ್ತೆ! ಜೊತೆಗಾರ ಬಿಟ್ಟುಹೋದ್ರೆ ಉಳಿದವಕ್ಕೆ ನೋಯದೆ ಇರುತ್ತಾ?"

ಹೀಗೆ ಮಾತಾಡುವವಳ ಎದುರು ವಾದ ಮಾಡುವುದೆಂದರೆ ಮಳೆಯನ್ನು ಪೊರಕೆಯಿಂದ ಗುಡಿಸಿದ ಹಾಗೆ. ಅರ್ಧ ಗಂಟೆಯೊಳಗೆ, ಹೋದ ಖ್ವಾನನ್ನು ಮರಳಿ ಕರೆಯುವ ಶಾಸ್ತ್ರಕ್ಕೆಂದು ದಾಲಾಳ ಮನೆಯ ನಡುವೆ ಬಾಳೆಲೆಯ ಗೋಪುರ ಎದ್ದಿತು. ಚೆಂಡುಹೂ ಸಿಕ್ಕಿಸಿದರು, ಬಿಳಿ ನೂಲು ಇಳಿಬಿಟ್ಟರು, ಕೋಳಿ ಬೇಯಿಸಿದರು, ತುದಿಗೆ ಬೇಯಿಸಿದ ಮೊಟ್ಟೆ ಇಟ್ಟರು. ಖಮ್ದಿ ಅಕ್ಕಿ ಸಾರಾಯಿಯ ಬಾಟಲಿ ಹಿಡಿದು ಮದುಮಗನಂತೆ ಓಡಾಡಿದ. ಒಂಬತ್ತು ವರ್ಷ ಹೆಂಡತಿಯ ನೋವಿಗೆ ಏಳದವನು ಈಗ ಅವಳ ಖ್ವಾನ್‌ಗಾಗಿ ಎರಡು ಸಲ ಅಂಗಡಿಗೆ ಹೋಗಿಬಂದ.

ಒಂದು ಕಾಲದಲ್ಲಿ ಸನ್ಯಾಸಿಯಾಗಿದ್ದ ಥಿತ್ ಅಜ್ಜ ಗೋಪುರದ ಮುಂದೆ ಕೂತ. "ಎಲ್ಲಿ ಬಿದ್ದದ್ದು?" ಎಂದು ಕೇಳಿದ.

"ಮಂಟಪದ ಕಂಬದ ಹತ್ರ, ಅಜ್ಜ. ಚರ್ಮದ ಪಟ್ಟಿಯಿಂದ" ಎಂದಳು ಸೋಮ್ ದೊಡ್ಡಮ್ಮ.

ಅಜ್ಜ ಕಣ್ಣು ಮುಚ್ಚಿ ರಾಗವಾಗಿ ಕರೆಯತೊಡಗಿದ. "ಬಾರೋ ಖ್ವಾನ್, ಬಾ. ಇವತ್ತು ಬೆಳಿಗ್ಗೆ ಮಂಟಪದಲ್ಲಿ ಪಟ್ಟಿಯೊಳಗಿಂದ ಜಾರಿದವನೇ, ಬಾ. ಹೊಳೆದಂಡೆಯಲ್ಲಿ ಏಡಿ ನೋಡ್ತಾ ನಿಂತಿದ್ರೆ ಬಾ, ಬಿದಿರ ಮೆಳೆಯಲ್ಲಿ ದಾರಿ ತಪ್ಪಿದ್ರೆ ಬಾ. ಇಲ್ಲಿ ಕೂತಿರೋ ಈ ಮೈಯೇ ನಿನ್ನ ಮನೆ. ಬಂದು ಸೇರ್ಕೋ."

ನಡುಮಧ್ಯಾಹ್ನ. ಜೀರುಂಡೆಗಳ ಸದ್ದು ಯಾರೋ ಕೈ ಎತ್ತಿ ತಡೆದಂತೆ ಒಮ್ಮೆಲೇ ನಿಂತಿತು. ಹೊರಗೆ ಮರದ ಏಣಿಯ ಕೆಳಗಿನ ಮೆಟ್ಟಿಲು ಕಿರ್ರೆಂದಿತು. ಆಮೇಲೆ ಎರಡನೆಯದು, ಮೂರನೆಯದು. ಭಾರವಾದ ಹೆಂಗಸೊಬ್ಬಳು ಸೊಂಟಕ್ಕೆ ಕೈಕೊಟ್ಟು ನಿಧಾನವಾಗಿ ಹತ್ತುವ ಹಾಗೆ. ಆರನೆಯ ಮೆಟ್ಟಿಲು, ಏಳನೆಯದು. ಬಾಗಿಲು ತೆರೆದೇ ಇತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಆ ಯಾರೂ ಇಲ್ಲದವರ ಹಿಂದೆಯೇ ಲಾಯ್ ಒಳಗೆ ಬಂತು. ಬಾಲ ಅಲ್ಲಾಡಿಸುತ್ತ ನೇರ ದಾಲಾಳ ಬಳಿ ಬಂದು, ತಲೆ ಎತ್ತಿ ಅವಳ ಹೆಗಲಿನ ಹಿಂದೆ, ಸ್ವಲ್ಪ ಮೇಲಕ್ಕೆ, ಪ್ರೀತಿಯಿಂದ ನೋಡಿತು.

ದಾಲಾಳ ಕುತ್ತಿಗೆಯ ಹಿಂದೆ ತಣ್ಣನೆಯ ಉಸಿರು ತಾಗಿತು. ಆಮೇಲೆ ಒದ್ದೆ ಬಟ್ಟೆ ಹಾಸಿದಷ್ಟು ಮೆತ್ತಗೆ ಏನೋ ಕೂತಿತು. ಅವಳು ಒಮ್ಮೆ ಅಡಿಯಿಂದ ಮುಡಿಯವರೆಗೆ ನಡುಗಿದಳು.

"ಬಂತು! ಬಂತು!" ಎಂದು ಹೆಂಗಸರು ನಿಟ್ಟುಸಿರಿಟ್ಟರು.

ಒಬ್ಬೊಬ್ಬರಾಗಿ ಬಂದು ಅವಳ ಮಣಿಕಟ್ಟಿಗೆ ಬಿಳಿ ನೂಲು ಕಟ್ಟಿದರು. ಬುವಾ ಕೊನೆಗೆ ಬಂದಳು. ಇಪ್ಪತ್ತು ಸಾವಿರ ಎಳೆಗಳಿಗೆ ಗಂಟು ಹಾಕಿದವಳಿಗೆ ಒಂದು ನೂಲಿನ ಗಂಟು ಬರಲಿಲ್ಲ. ಎರಡು ಸಲ ತಪ್ಪಿ, ಮೂರನೆಯ ಸಲ ಹೇಗೋ ಬಿಗಿದಳು.

"ಯಾಕೇ ಬುವಾ, ಮಾತೇ ಇಲ್ಲ?" ಎಂದು ಯಾರೋ ಕೇಳಿದರು.

"ಯಾಕೋ ತಲೆ ಭಾರ" ಎಂದಳು ಬುವಾ ಮೆಲ್ಲಗೆ. ಹನ್ನೊಂದು ಜನರೂ ಅವಳು ಮೆಲ್ಲಗೆ ಮಾತಾಡಿದ್ದನ್ನು ಹಿಂದೆಂದೂ ಕೇಳಿರಲಿಲ್ಲ.

ಥಿತ್ ಅಜ್ಜ ಮೊಟ್ಟೆ ಸುಲಿದು, ನೂಲಿನಿಂದ ಎರಡು ಭಾಗ ಮಾಡಿದ. ಒಳಗೆ ಎರಡು ಹಳದಿ ಇದ್ದವು, ಒಂದರ ಬೆನ್ನಿಗೊಂದು ಅಂಟಿಕೊಂಡು. ಅಜ್ಜ ಬಹಳ ಹೊತ್ತು ಅದನ್ನೇ ನೋಡಿದ.

"ಇದರ ಅರ್ಥ ಏನಜ್ಜ?"

"ಅರ್ಥ..." ಅಜ್ಜ ಸಾರಾಯಿ ಒಂದು ಗುಟುಕು ಕುಡಿದ. "ಅರ್ಥ, ಕರೆದಿದ್ದು ಒಂದನ್ನೇ. ಆದರೆ ಮನೆ ಖಾಲಿ ಇರಲಿಲ್ಲ ಅನ್ಸುತ್ತೆ."

"ಮಗು ಅಂತ ಅರ್ಥ!" ಎಂದು ಸೋಮ್ ದೊಡ್ಡಮ್ಮ ತೀರ್ಪು ಕೊಟ್ಟಳು. ಖಮ್ದಿ ಬಾಟಲಿಯನ್ನು ಕೈಯಿಂದ ಬೀಳಿಸಿದ.

ಊಟಕ್ಕೆ ಕೂತಾಗ ದಾಲಾಳ ಕೈ ತಾನಾಗಿ ಮೆಣಸಿನಕಾಯಿ ಚಟ್ನಿಯ ಕಡೆಗೆ ಹೋಯಿತು. ಅವಳಿಗೆ ಖಾರ ಆಗುವುದಿಲ್ಲ. ಆದರೂ ಅನ್ನದ ಉಂಡೆಯನ್ನು ಅದರಲ್ಲಿ ಅದ್ದಿ ಅದ್ದಿ ತಿಂದಳು. ಬೆವರಿಳಿಯಿತು, ರುಚಿಯಾಯಿತು. ಯಾರೋ ಏನೋ ತಮಾಷೆ ಮಾಡಿದರು. ದಾಲಾ ನಕ್ಕಳು, ಮನೆಯ ತೊಲೆ ಅದುರುವ ಹಾಗೆ ನಕ್ಕು, ಆ ನಗು ಎಲ್ಲಿಂದ ಬಂತೆಂದು ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಎದುರಿಗೆ ಬುವಾ ಊಟ ಮುಟ್ಟದೆ, ಮರೆತುಹೋದ ಹಾಡನ್ನು ಕೇಳಿಸಿಕೊಂಡವಳಂತೆ ಅವಳನ್ನೇ ನೋಡುತ್ತಿದ್ದಳು.

ಮಂಟಪಕ್ಕೆ ಮರಳಿದಾಗ ವಿಲೈ, "ನಿಮಗೆ ನೋವಿದೆ, ಜಾಸ್ತಿ ಎಳೀಬೇಡಿ ಅಕ್ಕ, ಬೆಳಿಗ್ಗೆಯಷ್ಟೇ ಸಾಕು" ಎಂದು ಪಟ್ಟಿ ಹಾಕಿದಳು. ದಾಲಾ ಹೆದರಿ ಹೆದರಿ ತಲೆಯನ್ನು ಸ್ವಲ್ಪವೇ ಹಿಂದಕ್ಕೆ ಒತ್ತಿದಳು. ನೋವು ಎಂದಿನ ಜಾಗದಲ್ಲಿ ಎಂದಿನಂತೆ ಹತ್ತಿಕೊಂಡಿತು. ಆದರೆ ಅದರ ಹಿಂದಿನಿಂದ ಯಾರೋ ಕೊಬ್ಬಿದ ತೋಳುಗಳಿಂದ ಅವಳ ತಲೆಯನ್ನು ಅಪ್ಪಿ ಹಿಡಿದು, ಗದ್ದೆಯಿಂದ ಎಮ್ಮೆಯನ್ನು ಎಳೆದ ಹಾಗೆ ಎಳೆದರು. ಕಂಬ ಕಿರ್ರೆಂದಿತು.

ವಿಲೈ ಅಂಕಿ ನೋಡಿದಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. "ಹದಿನಾರು."

"ತಪ್ಪಾಗಿದೆ" ಎಂದಳು ದಾಲಾ. "ನಾನು ಎಳೀಲೇ ಇಲ್ಲ!"

ಇನ್ನೆರಡು ಸಲ ಎಳೆದದ್ದಾಯಿತು. ಹದಿನಾರು, ಹದಿನಾರು. ಬುವಾಳನ್ನು ಕೂರಿಸಿದರು. ಅವಳು ಹಲ್ಲು ಕಚ್ಚಿ ಎಳೆದಳು, ಕಣ್ಣಲ್ಲಿ ನೀರು ಬಂತು, ಕತ್ತಿನ ನರ ಉಬ್ಬಿತು. ಏಳು. ಏಳು. ಏಳಕ್ಕೂ ಸ್ವಲ್ಪ ಕಮ್ಮಿ.

ವಿಲೈ ಗುಡಿಯ ಅಡುಗೆಮನೆಯಿಂದ ಹತ್ತು ಕಿಲೋದ ಅಕ್ಕಿ ಮೂಟೆ ತರಿಸಿ ಯಂತ್ರಕ್ಕೆ ನೇತುಹಾಕಿದಳು. ಯಂತ್ರ ಹತ್ತು ಎಂದೇ ತೋರಿಸಿತು. ಅವಳ ಮುಖ ಸಣ್ಣದಾಯಿತು.

"ಹಾಗಾದ್ರೆ ತಪ್ಪು ನನ್ನದೇ. ಬೆಳಿಗ್ಗೆ ನಿಮ್ಮಿಬ್ಬರ ಹಾಳೆ ಅದಲುಬದಲಾಗಿದೆ" ಎಂದಳು. "ನೋವಿರೋದು ಬುವಾ ಅಕ್ಕನಿಗೆ. ದಾಲಾ ಅಕ್ಕ ಆರೋಗ್ಯವಾಗಿದಾರೆ. ದಯವಿಟ್ಟು ನಮ್ಮ ಕಾಲೇಜಿನ ಮೇಷ್ಟ್ರಿಗೆ ಮಾತ್ರ ಹೇಳ್ಬೇಡಿ."

"ಇಲ್ಲಮ್ಮ! ಬೆಳಗಿನ ಏಳು ನನ್ನದೇ. ಇವರೆಲ್ಲ ನೋಡಿದಾರೆ. ಹೇಳ್ರೇ!"

ಅವರೆಲ್ಲ ನೋಡಿದ್ದರು. ಆದರೆ ಅವರು ಕಂಡದ್ದು ಬೇರೆ.

"ಹೌದು ಡಾಕ್ಟರಮ್ಮ, ಬೆಳಿಗ್ಗೆ ಇವಳದು ಏಳೇ ಇತ್ತು" ಎಂದಳು ಸೋಮ್ ದೊಡ್ಡಮ್ಮ ಹೆಮ್ಮೆಯಿಂದ. "ಥಿತ್ ಅಜ್ಜ ಕರೆದ, ಖ್ವಾನ್ ಬಂತು, ಈಗ ಹದಿನಾರು. ಒಂಬತ್ತು ವರ್ಷದ ನೋವು ಒಂದು ಕೋಳಿಗೆ ಹೋಯ್ತು! ಪಾಪ, ಬುವಾನೇ ನಮಗೆಲ್ಲ ದುಡಿದು ದುಡಿದು ಸೋತಿದಾಳೆ. ಒಂದು ದಿನವಾದ್ರೂ ಬಾಯಿಬಿಟ್ಟು ಹೇಳಿದ್ಲಾ? ಅದಕ್ಕೇ ಅಂತಾರೆ ದೊಡ್ಡ ಮನಸ್ಸು ಅಂತ."

ಹತ್ತು ಜನ ಬುವಾಳ ಸುತ್ತ ಕೂತು ಅವಳ ಕುತ್ತಿಗೆ ಸವರತೊಡಗಿದರು. ಒಬ್ಬಳು ನೀರು ತಂದಳು, ಒಬ್ಬಳು ಬೀಸಣಿಗೆ ಬೀಸಿದಳು. ದಾಲಾ ಒಂಬತ್ತು ವರ್ಷ ಕನಸಿನಲ್ಲಿ ಕಂಡದ್ದೆಲ್ಲ ಅವಳ ಕಣ್ಣೆದುರಿಗೇ ನಡೆಯಿತು, ಎರಡು ಮಾರು ಆಚೆಗೆ.

ದಾಲಾ ಮತ್ತೆ ಬಾಯಿ ತೆರೆದಳು. ತನ್ನೊಳಗೆ ಇಬ್ಬರಿದ್ದಾರೆ ಎನ್ನಲೇ? ಯಂತ್ರ ಹಾಗೆ ಬರೆದುಕೊಳ್ಳುವುದಿಲ್ಲ. ನೋವು ಇನ್ನೂ ಇದೆ ಎನ್ನಲೇ? ಈಗ ಅದರ ವಿರುದ್ಧ ಹದಿನಾರು ಕಿಲೋ ಸಾಕ್ಷಿ ಇತ್ತು.

ವಿಲೈ ಬುವಾಗೆ ಕುತ್ತಿಗೆ ದಿಂಬನ್ನೂ ವ್ಯಾಯಾಮದ ಹಾಳೆಯನ್ನೂ ಕೊಟ್ಟಳು. ದಾಲಾಗೆ ಎರಡು ಸೋಪು.

"ಮಾತು ಮಾತೇ ಕಣೇ" ಎಂದಳು ಸೋಮ್ ದೊಡ್ಡಮ್ಮ, ಬುದ್ಧನ ಕಡೆ ಕೈ ತೋರಿಸಿ. "ಇನ್ನು ಮೂರು ತಿಂಗಳು ಬುವಾ ಮಗ್ಗ ಮುಟ್ಟೋ ಹಾಗಿಲ್ಲ. ಎರಡು ಬಟ್ಟೆನೂ ನಿಂದೇ."

ಇಳಿಬಿಸಿಲಿನಲ್ಲಿ ದಾಲಾ ಮನೆಯ ಕೆಳಗೆ ಮಗ್ಗಕ್ಕೆ ಬಂದು ಕೂತಳು. ನಲವತ್ತಮೂರಕ್ಕೆ ಬಿಟ್ಟ ಎಣಿಕೆಯನ್ನು ಒಂದರಿಂದ ಶುರು ಮಾಡಿದಳು. ನಲವತ್ತಮೂರಕ್ಕೆ ಕುತ್ತಿಗೆ ಬೀಗ ಹಾಕಿಕೊಂಡಿತು. ಆದರೆ ಕೈ ನಿಲ್ಲಲಿಲ್ಲ. ಇನ್ನೊಬ್ಬರ ಬಲ ಅವಳ ತಲೆಯನ್ನು ಮಗ್ಗದ ಮೇಲೆ ಬಗ್ಗಿಸಿ ಹಿಡಿದು ನಡೆಸಿತು. ನೋವು ಅವಳದೇ, ಬಲ ಮಾತ್ರ ಬುವಾಳದು. ಉಳಿದ ಹನ್ನೆರಡು ಸಾಲೂ, ಹತ್ತಿ ನೂಲು ಸುತ್ತಿದಷ್ಟು ಸಲೀಸಾಗಿ, ಮುಗಿದವು. ಲಾಯ್ ಬಂದು ಅವಳ ಕಾಲ ಬಳಿ, ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಮಲಗಿಕೊಂಡಿತು.

ಬುವಾ ಬಂದಳು. ದಿಂಬನ್ನು ಕುತ್ತಿಗೆಗೆ ಹಾಕಿಕೊಂಡಿದ್ದಳು. ನಾಯಿಯನ್ನು ಕರೆದಳು. ಅದು ಅಪರಿಚಿತರನ್ನು ನೋಡಿದಂತೆ ಒಂದು ಕಣ್ಣು ತೆರೆದು ಮುಚ್ಚಿತು. ಬುವಾ ನೆಲದಲ್ಲಿ ಕೂತಳು. ಕೂರಲು ಬಹಳ ಹೊತ್ತು ತೆಗೆದುಕೊಂಡಳು.

"ದಾಲಾ, ಕಿವಿ ಹಿಂದಿಂದ ಶುರುವಾಗುತ್ತಲ್ಲ?"

"ಹೂಂ."

"ಹೆಗಲವರೆಗೂ ಬರುತ್ತೆ. ತಿರುಗೋಕೇ ಆಗಲ್ಲ."

"ಹೂಂ."

"ಇದನ್ನ ಇಟ್ಕೊಂಡು ಒಂಬತ್ತು ವರ್ಷ ನೇಯ್ದೆಯಾ?" ಬುವಾಳ ಕಣ್ಣು ತುಂಬಿತ್ತು. "ನೀನು ಯಾವತ್ತೂ ಹೇಳಲೇ ಇಲ್ವಲ್ಲೇ!"

ದಾಲಾ ಲಾಳಿಯನ್ನು ಆ ಕಡೆಯಿಂದ ಈ ಕಡೆಗೆ ಹಾಯಿಸಿದಳು. "ಹೇಳಿದ್ದೆ" ಎಂದಳು.

ಬುವಾ ಕೇಳಬೇಕೋ ಬೇಡವೋ ಎಂದು ಅನುಮಾನಿಸಿ ಕೊನೆಗೆ ಕೇಳಿದಳು. "ಥಿತ್ ಅಜ್ಜ ಹೇಳ್ತಿದ್ದ. ಮೂರು ದಿನ ಆದ್ಮೇಲೆ ನೂಲು ಬಿಚ್ಚಿದ್ರೆ, ತಪ್ಪಿ ಬಂದದ್ದೇನಾದ್ರೂ ಇದ್ರೆ ಅದು ಅದರ ಮನೆಗೆ ಹೋಗುತ್ತಂತೆ. ಬಿಚ್ತೀಯಲ್ಲ?"

"ಬಿಚ್ಚದೆ ಏನು?" ಎಂದಳು ದಾಲಾ.

ಬುವಾ ಒಂದು ಕೈಯಿಂದ ಕಂಬ ಹಿಡಿದು ಎದ್ದು, ತಲೆ ತಿರುಗಿಸಲಾರದೆ ಇಡೀ ಮೈಯನ್ನೇ ತಿರುಗಿಸಿ, ಮನೆಯ ಕಡೆ ಹೋದಳು. ದಾಲಾಗೆ ಆ ನಡಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಬಿಚ್ಚುವ ಮನಸ್ಸಿನಿಂದಲೇ ಮಣಿಕಟ್ಟು ನೋಡಿಕೊಂಡಳು. ಹನ್ನೆರಡು ನೂಲುಗಳು. ಹನ್ನೊಂದು ಅಚ್ಚುಕಟ್ಟಾಗಿದ್ದವು. ಒಂದರ ಗಂಟು ವಕ್ರವಾಗಿತ್ತು, ಬುವಾ ಕಟ್ಟಿದ್ದು.

ಹನ್ನೊಂದನ್ನು ಮೂರನೆಯ ದಿನವೇ ಬಿಚ್ಚಬಹುದು, ಎಲ್ಲರೆದುರಿಗೂ. ಎರಡು ಬಟ್ಟೆ ನೇಯಲು ಒಂದು ಕುತ್ತಿಗೆ ಸಾಲದು. ಉಳಿದ ಒಂದು, ಒಂಬತ್ತು ವರ್ಷವೇನೂ ಬೇಡ, ಮಳೆಗಾಲ ಮುಗಿಯುವವರೆಗೆ ಇರಲಿ.

ಅವಳು ವಕ್ರ ಗಂಟಿನ ನೂಲನ್ನು ಮೊಣಕೈಯ ಕಡೆಗೆ ಸರಿಸಿ, ತೋಳಿನ ಬಟ್ಟೆಯನ್ನು ಅದರ ಮೇಲೆ ಎಳೆದುಕೊಂಡಳು.

"ದಾಲಾ" ಎಂದು ಮೇಲಿನಿಂದ ಖಮ್ದಿ ಕೂಗಿದ, "ಕುತ್ತಿಗೆ ಈಗ ಹೇಗಿದೆಯೇ?"

ಒಂಬತ್ತು ವರ್ಷದಲ್ಲಿ ಅವನು ಕೇಳಿದ್ದು ಅದೇ ಮೊದಲು.

"ಗಟ್ಟಿಯಾಗಿದೆ" ಎಂದು ಹೇಳಿ ದಾಲಾ ಮತ್ತೆ ಒಂದರಿಂದ ಎಣಿಸತೊಡಗಿದಳು.